ಗೊಂದಲಿಗರ ರಾತ್ರಿ, ಉತ್ಸವದ ಹತ್ತು ನಿಮಿಷ

ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲಕ್ಕಿಂತ ಮುಂದೆ ಬಂದು ನಿಂತದ್ದು ಒಂದು ಲೆಕ್ಕ: ಸಾವಿರಕ್ಕೂ ಹೆಚ್ಚು ಗೊಂದಲಿ ಹಾಡು. 2024ರ ಫೆಬ್ರುವರಿಯ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಹೇಳಿದ್ದೂ ಅದನ್ನೇ. ಗೌರವ ಸಲ್ಲಬೇಕಾದವರಿಗೇ ಸಂದಿದೆ. ತಂದೆ, ಅಜ್ಜ ಹಾಡಿಕೊಂಡು ಬಂದದ್ದನ್ನು ಕಾಸು ಮುಟ್ಟದೆ ಕಲಿಸಿದ ಜೀವ ಅದು. ಆದರೆ ಗೊಂದಲಿಗರ ಕಲೆಯನ್ನು ಹಾಡಿನ ಎಣಿಕೆಯಲ್ಲಿ ಅಳೆಯಹೊರಟರೆ ಅರ್ಧಕ್ಕಿಂತ ಹೆಚ್ಚು ಕೈತಪ್ಪಿ ಹೋಗುತ್ತದೆ.

ಇವರು ತುಳಜಾಪುರದ ಅಂಬಾಭವಾನಿಯ ಆರಾಧಕರು, ಮನೆಮಾತು ಮರಾಠಿ. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು 1948ರವರೆಗೆ ಆಳಿದ ಸೀಮೆಯಲ್ಲಿ ಮರಾಠಿ ಯಾರಿಗೂ ಪರಕೀಯ ಅನಿಸಿರಲಿಕ್ಕಿಲ್ಲ. ಆದರೂ ಊರೂರು ಅಲೆಯುವ ಈ ಜನಕ್ಕೆ ಅನ್ನ ಕೊಟ್ಟದ್ದು ಅರಮನೆಗಿಂತ ಹೆಚ್ಚಾಗಿ ಮದುವೆಮನೆಯ ಅಂಗಳ. ಅಂಬಾಭವಾನಿಯೋ ಎಲ್ಲಮ್ಮನೋ ಮನೆದೇವರಾಗಿರುವ ಕುಟುಂಬಗಳು ಮದುವೆಯಾದ ಮೇಲೆ, ಇಲ್ಲವೇ ಹರಕೆ ತೀರಿಸಲು, ‘ಗೊಂದಲ ಹಾಕಸೂದೈತಿ’ ಎಂದು ಇವರನ್ನು ಕರೆಯುತ್ತವೆ. ಹೊಸ ಬಟ್ಟೆ ಹಾಸಿ, ಧಾನ್ಯದ ರಾಶಿಯ ಮೇಲೆ ಕಳಸ ಕೂರಿಸಿ, ಪಂಜು ಹಚ್ಚುತ್ತಾರೆ. ಸಂಬಾಳ ಗುಡುಗುತ್ತದೆ, ತುಂತುಣಿ ಮಿಡಿಯುತ್ತದೆ, ಕವಡೆಸರ ಹಾಕಿದ ಮುಖ್ಯ ಹಾಡುಗಾರ ಗಣಪತಿಯನ್ನು ನೆನೆಯುತ್ತಾನೆ.

ಆಮೇಲೆ ಬರುವುದು ದೇವರುಗಳನ್ನು ಕರೆಯುವ ಭಾಗ. ನನ್ನ ಮಟ್ಟಿಗೆ ಇಡೀ ರಾತ್ರಿಯ ತಿರುಳು ಇಲ್ಲಿದೆ. ತುಳಜಾಪುರದ ಭವಾನಿ, ಕೊಲ್ಲಾಪುರದ ಲಕ್ಷ್ಮಿ, ಪಂಢರಪುರದ ವಿಠ್ಠಲ, ಜೇಜುರಿಯ ಖಂಡೋಬಾ, ಸವದತ್ತಿಯ ಎಲ್ಲಮ್ಮ, ಹೀಗೆ ಒಬ್ಬೊಬ್ಬರನ್ನೂ ಊರಿನ ಹೆಸರು ಹಿಡಿದು ಈ ಮನೆಗೆ ಬರಹೇಳುತ್ತಾರೆ. ಕೇಳಲು ಬರೀ ಪಟ್ಟಿ. ಆದರೆ ಹೊರಟುಬಂದ ನೆಲದ ದೇವರನ್ನೂ ಬಂದು ಸೇರಿದ ನೆಲದ ದೇವರನ್ನೂ ಒಂದೇ ಉಸಿರಿನಲ್ಲಿ ಕರೆದು ಒಂದೇ ಅಂಗಳದಲ್ಲಿ ಕೂರಿಸುವುದು ಸಣ್ಣ ಜಾಣತನವಲ್ಲ. ಗಡಿಯ ಬಗ್ಗೆ ನಾವು ಬರೆದ ಎಷ್ಟೋ ಭಾವುಕ ಕವಿತೆಗಳಿಗಿಂತ ಇದು ಗಟ್ಟಿ.

ಕಥೆ ಶುರುವಾದ ಮೇಲೆ ಜೊತೆಗಾರನ ಸರದಿ. ಅವನು ದನಿಗೂಡಿಸುತ್ತಾನೆ, ನಡುವೆ ಬಾಯಿ ಹಾಕುತ್ತಾನೆ, ಗೊತ್ತಿದ್ದೂ ಗೊತ್ತಿಲ್ಲದವನಂತೆ ಪ್ರಶ್ನೆ ಕೇಳಿ ನಗಿಸುತ್ತಾನೆ. ಪುರಾಣ ಆ ಮನೆಯ ಅಡುಗೆಕೋಣೆಯವರೆಗೂ ಇಳಿದುಬರುವುದು ಅವನ ಬಾಯಿಂದಲೇ. ದೋಷವೂ ಇದೆ: ಕಥೆಯನ್ನು ಜಗ್ಗಾಡಿ ಉದ್ದ ಮಾಡುವುದು, ನಗೆಗಾಗಿ ಅತ್ತೆ-ಸೊಸೆಯರ ಸವಕಲು ಮಾತಿಗೆ ಬೀಳುವುದು. ನಡುರಾತ್ರಿ ದಾಟಿದ ಮೇಲೆ ಅದೂ ಸಹ್ಯವೇ ಅನ್ನಿ.

ಉತ್ಸವದ ವೇದಿಕೆಗೆ ಬಂದಾಗ ಮೊದಲು ಕತ್ತರಿ ಬೀಳುವುದು ಇವೆರಡಕ್ಕೇ. ಕೊಟ್ಟ ಹತ್ತು ನಿಮಿಷದಲ್ಲಿ ದೇವರ ಕರೆ ಎರಡು ಸಾಲಿಗೆ ಕುಗ್ಗುತ್ತದೆ. ಜೊತೆಗಾರ ತಾಳ ಹಾಕುವವನಾಗಿ ಹಿಂದೆ ಸರಿಯುತ್ತಾನೆ. ಸಂಬಾಳದ ಅಬ್ಬರ, ಪಂಜು, ಚಪ್ಪಾಳೆ ಉಳಿಯುತ್ತವೆ. ಕಲಾವಿದರನ್ನು ದೂರಿ ಫಲವಿಲ್ಲ. ಹೊಟ್ಟೆಪಾಡು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾರೆ.

ಅಲೆಮಾರಿ ಬದುಕಿನ ನೆನಪನ್ನು ಉಳಿಸಿಕೊಳ್ಳಲು ಬೇರೆ ದಾರಿಯೂ ಇದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸೊಮಾಲಿ ವಲಸಿಗರು 2013ರಲ್ಲಿ ತಮ್ಮದೇ ವಸ್ತುಸಂಗ್ರಹಾಲಯ ತೆರೆದರು. ಕುರಿ-ಒಂಟೆ ಕಾಯುವವರು ಬಿಚ್ಚಿ ಹೊತ್ತೊಯ್ಯುತ್ತಿದ್ದ ಮನೆ ‘ಅಕಲ್’ ಅಲ್ಲಿ ಪ್ರದರ್ಶನಕ್ಕಿದೆ, ಎಳೆಯರ ನೃತ್ಯತಂಡವೂ ಇದೆ. ಯುದ್ಧದ ದೆಸೆಯಿಂದ ನಾಡು ಬಿಟ್ಟವರು ಅದನ್ನು ಕಾಣದ ಮಕ್ಕಳಿಗೆ ತೋರಿಸಲು ಅದೇ ಸರಿಯಾದ ದಾರಿ. ಆದರೆ ಗೊಂದಲಿಗರು ತಮ್ಮ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟವರು. ಕರೆಸಿದ ಮನೆಯ ಶಾಸ್ತ್ರ ಪೂರ್ತಿಯಾಗುವುದು ಇವರ ಹಾಡಿನಿಂದ. ಇವರ ಕಲೆ ಉಳಿದದ್ದು ಆ ಮನೆಯ ಶ್ರದ್ಧೆಯಿಂದ. ಮದುವೆ ಕಲ್ಯಾಣಮಂಟಪಕ್ಕೆ ಹೋಗಿ ಸಂಜೆಗೆ ಮುಗಿಯತೊಡಗಿದರೆ ಸೊಮಾಲಿಗಳ ಹಾಗೆ ಆತುಕೊಳ್ಳಲು ಇವರಿಗೆ ಕಟ್ಟಡವೊಂದೂ ಇಲ್ಲ.

ಹಾಡುಗಳನ್ನು ಬಿಡಿಬಿಡಿಯಾಗಿ ಧ್ವನಿಮುದ್ರಿಸಿಟ್ಟರೆ ಸಾಲದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ರಬಕವಿ-ಬನಹಟ್ಟಿಯಲ್ಲೋ ಜಮಖಂಡಿಯ ಹಳ್ಳಿಯಲ್ಲೋ ಗೊಂದಲ ಹಾಕಿಸಿದ ಮನೆಯೊಂದರಲ್ಲಿ ಕಳಸದಿಂದ ಬೆಳಗಿನ ಆರತಿಯವರೆಗೆ ಒಂದು ಇಡೀ ರಾತ್ರಿಯನ್ನು, ಕೇಳುಗರ ಆಕಳಿಕೆ ಸಮೇತ, ದಾಖಲಿಸಬೇಕು. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿಗೆ ಹಳ್ಳಿಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದ್ದಾರೆ. ಊರಿನ ಹೆಸರು ಹಿಡಿದೇ ದೇವರನ್ನು ಕರೆಯುವ ಹಾಡುಗಾರ ಅಲ್ಲಿ ಯಾವ ಊರಿನ ಹೆಸರು ಹೇಳುತ್ತಾನೆ, ಮುಳುಗಿದ್ದರದೋ ಹೊಸದರದೋ? ಜಾನಪದ ಅಕಾಡೆಮಿಯ ಕ್ಷೇತ್ರಕಾರ್ಯದವರು ಮೊದಲು ಕೇಳಿ ಬರಬೇಕಾದದ್ದು ಇದನ್ನು. ಹಾಗೆಯೇ ಮುಂದಿನ ಪ್ರಶಸ್ತಿಗೆ ಹೆಸರು ಕಳಿಸುವಾಗ ಜೊತೆಗಾರರ ಹೆಸರೂ ಅರ್ಜಿಯಲ್ಲಿರಲಿ.