ಮಹಾಮಾರಿಯ ದಾರಿ, ಕಾದಂಬರಿಯ ನ್ಯಾಯ

1347ರ ಶರತ್ಕಾಲದಲ್ಲಿ ಸಿಸಿಲಿಯ ಮೆಸ್ಸೀನಾ ರೇವಿನಲ್ಲಿ ಕಾಲಿಟ್ಟು, ಮರುವರ್ಷದ ಬೇಸಗೆಯ ವೇಳೆಗೆ ಇಂಗ್ಲೆಂಡಿನ ದಕ್ಷಿಣ ತೀರವನ್ನು ಮುಟ್ಟಿ, ಕೆಲವೇ ವರ್ಷಗಳಲ್ಲಿ ಯೂರೋಪಿನ ಜನಸಂಖ್ಯೆಯ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಷ್ಟನ್ನು ನುಂಗಿಹಾಕಿದ ಆ ಮಹಾಮಾರಿಯನ್ನು ವಸ್ತುವಾಗಿ ಆರಿಸಿಕೊಳ್ಳುವ ಚಾರಿತ್ರಿಕ ಕಾದಂಬರಿಕಾರರ ಕೈಗೆ ಸುಲಭವಾಗಿ ಒದಗುವ ಸಂವಿಧಾನವೊಂದುಂಟು. ಪರಸ್ಪರ ಪರಿಚಯವಿಲ್ಲದ ಕೆಲವರು ದಾರಿಯಲ್ಲಿ ಕೂಡಿಕೊಳ್ಳುತ್ತಾರೆ. ಹಿಂದೆ ರೋಗ, ಮುಂದೆ ಅಪರಿಚಿತವಾದ ಊರು. ರಾತ್ರಿ ಬೆಂಕಿಯ ಸುತ್ತ ಕುಳಿತು ಒಬ್ಬೊಬ್ಬರೂ ತಮ್ಮ ಕಥೆಯನ್ನು ಹೇಳುತ್ತಾರೆ. ಹೇಳದೆ ಬಚ್ಚಿಟ್ಟದ್ದೊಂದು ಪ್ರತಿಯೊಬ್ಬರಲ್ಲಿಯೂ ಇರುತ್ತದೆ. ದಾರಿ ಸವೆದಂತೆ ಗುಟ್ಟುಗಳು ಬಯಲಾಗುತ್ತವೆ, ತಂಡ ಕರಗುತ್ತದೆ. ಈ ಸಂವಿಧಾನವು ಓದುಗನನ್ನು ಹಿಡಿದು ಕೂರಿಸುವುದರಲ್ಲಿ ಸಮರ್ಥವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಮಾರಿಯ ಸತ್ಯವನ್ನು ಎಷ್ಟರಮಟ್ಟಿಗೆ ಹೇಳಬಲ್ಲುದು ಎಂಬ ಪ್ರಶ್ನೆಯನ್ನು ಕೇಳದೆ ಇಂಥ ಕೃತಿಗಳ ಬೆಲೆ ಕಟ್ಟುವುದು ಸಾಧ್ಯವಿಲ್ಲ.

ಇದರ ಬೇರುಗಳು ಆ ಶತಮಾನದಲ್ಲಿಯೇ ಇವೆ. ಬೊಕಾಚಿಯೋ ತನ್ನ 'ಡೆಕಾಮೆರಾನ್' ಗ್ರಂಥದಲ್ಲಿ, 1348ರ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಇಗರ್ಜಿಯಲ್ಲಿ ಸಂಧಿಸಿದ ಏಳು ಮಂದಿ ತರುಣಿಯರನ್ನೂ ಮೂವರು ತರುಣರನ್ನೂ ನಗರದ ಹೊರಗಿನ ಸೌಧಕ್ಕೆ ಕಳುಹಿಸಿ, ಹತ್ತು ದಿನಗಳಲ್ಲಿ ನೂರು ಕಥೆಗಳನ್ನು ಅವರಿಂದ ಹೇಳಿಸಿದನು. ಆತನ ಪೀಠಿಕೆ ಭಯಂಕರವಾದುದು: ತಂದೆತಾಯಿಗಳು ಮಕ್ಕಳನ್ನೇ ತೊರೆದುದು, ಸತ್ತ ಬಡವನೊಬ್ಬನ ಹರಕು ಬಟ್ಟೆಯನ್ನು ಮೂತಿಯಿಂದ ಕೆದಕಿದ ಎರಡು ಹಂದಿಗಳು ಅಲ್ಲಿಯೇ ಉರುಳಿಬಿದ್ದುದು, ಇವೆಲ್ಲ ಅಲ್ಲಿ ಕಣ್ಣಿಗೆ ಕಟ್ಟುವಂತೆ ವರ್ಣಿತವಾಗಿವೆ. ಆದರೆ ಪೀಠಿಕೆ ಮುಗಿದ ಮೇಲೆ ಆತನು ಒಂದು ಗೋಡೆಯನ್ನು ಎಬ್ಬಿಸಿಬಿಡುತ್ತಾನೆ. ಹೊರಗಿನಿಂದ ಸಂತೋಷದ ಸುದ್ದಿಯ ಹೊರತು ಬೇರಾವುದನ್ನೂ ತರಕೂಡದೆಂದು ಸೇವಕರಿಗೆ ಕಟ್ಟಪ್ಪಣೆಯಾಗುತ್ತದೆ. ಆ ಹತ್ತು ಮಂದಿ ಕೊನೆಗೆ ನಗರಕ್ಕೆ ಹಿಂದಿರುಗುತ್ತಾರೆ. ಅವರು ಉಳಿದುದು ಪುಣ್ಯದ ಫಲವೆಂದಾಗಲಿ, ನಗರದಲ್ಲಿ ಸತ್ತವರು ಸತ್ತುದು ಪಾಪದ ಫಲವೆಂದಾಗಲಿ ಅವರ ಕಥೆ ಸಾಧಿಸಹೋಗುವುದಿಲ್ಲ. ಈ ಸಂಯಮವನ್ನು ನಾನು ಆ ಗ್ರಂಥದ ಹಾಸ್ಯಕ್ಕಿಂತಲೂ ಶೃಂಗಾರಕ್ಕಿಂತಲೂ ದೊಡ್ಡ ಗುಣವೆಂದು ಎಣಿಸುತ್ತೇನೆ.

ಇನ್ನು ಚಾಸರನ ಕ್ಯಾಂಟರ್ಬರಿಯ ಯಾತ್ರಿಕರು ರೋಗಕ್ಕೆ ಅಂಜಿ ಹೊರಟವರಲ್ಲ. ಆದರೂ ಎಲ್ಲ ವರ್ಣ ವೃತ್ತಿಗಳವರನ್ನು ಒಂದೇ ಛತ್ರದಲ್ಲಿ ಕೂಡಿಸಿ ನಡೆಯಿಸುವ ಉಪಾಯವನ್ನು ಆತನೇ ಕಲಿಸಿದನು. ಪಾಪಕ್ಷಮೆಯ ಪತ್ರಗಳನ್ನೂ ಸುಳ್ಳು ಅವಶೇಷಗಳನ್ನೂ ಮಾರುವ ಆತನ ಪಾತ್ರವೊಂದು ಹೇಳುವ ಕಥೆಯಲ್ಲಿ, ಮಾರಿಯ ಕಾಲದ ಮೂವರು ಕುಡುಕರು ಸಾವನ್ನೇ ಕೊಲ್ಲುವೆವೆಂದು ಹೊರಡುತ್ತಾರೆ. ಇಟಲಿಯವನಿಂದ ಪಲಾಯನವನ್ನೂ ಇಂಗ್ಲೆಂಡಿನವನಿಂದ ಸಂಕೀರ್ಣವಾದ ತಂಡವನ್ನೂ ತೆಗೆದುಕೊಂಡ ಈಚಿನ ಕಾದಂಬರಿಕಾರರು, ಮೂರನೆಯದಾಗಿ ಪತ್ತೇದಾರಿ ಕಥೆಯಿಂದ ಗುಟ್ಟನ್ನು ತಂದು ಸೇರಿಸಿದರು. ತೊಡಕು ಹುಟ್ಟಿದುದು ಈ ಮೂರನೆಯದರಿಂದ.

ಕ್ಯಾರೆನ್ ಮೇಟ್‌ಲಂಡ್ ಎಂಬ ಲೇಖಕಿಯ 'ಕಂಪನಿ ಆಫ್ ಲಯರ್ಸ್' (2008) ಈ ಜಾತಿಯ ಕೃತಿಗಳಲ್ಲಿ ಬಹು ಜನಪ್ರಿಯವಾದುದು. ವಿಚಾರಕ್ಕೆ ಅದನ್ನೇ ಎತ್ತಿಕೊಳ್ಳುವುದು ನ್ಯಾಯ. ಕಥೆ 1348ರ ನಡುಬೇಸಗೆಯ ದಿನದಿಂದ ಆರಂಭವಾಗುತ್ತದೆ. ನಿರೂಪಣೆ ಮಾಡುವುದು ಮುಖದಲ್ಲಿ ಗಾಯದ ಕಲೆಯುಳ್ಳ, ಸಂತರ ಅವಶೇಷಗಳೆಂದು ಹೇಳಿ ಎಲುಬು ಬಟ್ಟೆಗಳನ್ನು ಮಾರುತ್ತ ಸಂತೆಯಿಂದ ಸಂತೆಗೆ ಅಲೆಯುವ ಪಾತ್ರ. ಇದರ ಜೊತೆಗೆ ವೆನಿಸಿನ ಒಬ್ಬ ಗಾಯಕ ಮತ್ತು ಅವನ ಶಿಷ್ಯ, ಒಬ್ಬ ಚಿತ್ರಕಾರ ಮತ್ತು ಅವನ ಗರ್ಭಿಣಿ ಹೆಂಡತಿ, ಬಂಡಿಯ ತುಂಬ ವಿಚಿತ್ರಗಳನ್ನು ಹೇರಿಕೊಂಡ ಇಂದ್ರಜಾಲಿಕ, ಗಿಡಮೂಲಿಕೆ ಬಲ್ಲ ಸೂಲಗಿತ್ತಿ, ಒಂದು ತೋಳಿಗೆ ಬದಲಾಗಿ ಹಂಸದ ರೆಕ್ಕೆಯನ್ನು ಹೊತ್ತ ಕಥೆಗಾರ, ಶಕುನದ ಕಲ್ಲುಗಳನ್ನು ಚೆಲ್ಲಿ ಭವಿಷ್ಯ ನುಡಿಯುವ ಬಿಳಿಗೂದಲಿನ ಹುಡುಗಿ, ಹೀಗೆ ಒಂಬತ್ತು ಮಂದಿ. ಬಿಡದೆ ಸುರಿಯುವ ಮಳೆ, ಕೊಳೆತ ಪೈರು, ಹಸಿವು, ಬಂಡಿಯ ಗಾಲಿ ಕೆಸರಿನಲ್ಲಿ ಹೂತುಹೋಗುವ ದಾರಿ, ಬಂದ ಪರದೇಶಿಗಳನ್ನು ಕಲ್ಲು ಹಿಡಿದು ಎದುರುಗೊಳ್ಳುವ ಹಳ್ಳಿಗಳು: ಇವನ್ನು ಚಿತ್ರಿಸುವಲ್ಲಿ ಲೇಖಕಿಯ ಕೈ ನಿಶ್ಚಿತವಾಗಿದೆ. ಅವಶೇಷಗಳ ವ್ಯಾಪಾರದ ವಿಷಯದಲ್ಲಂತೂ, ತಾನು ಮಾರುವುದು ಎಲುಬನ್ನಲ್ಲ, ಆಶೆಯನ್ನು ಎಂಬ ನಿರೂಪಕಪಾತ್ರದ ಅರಿವು ಆ ಯುಗದ ಭಕ್ತಿಯನ್ನು ಹೀಯಾಳಿಸದೆಯೂ ವೈಭವೀಕರಿಸದೆಯೂ ಒಳಗಿನಿಂದ ಕಾಣಿಸುತ್ತದೆ. ಪುಸ್ತಕದ ಮೊದಲರ್ಧದಲ್ಲಿ ನಾನು ಅತ್ಯಂತ ಮೆಚ್ಚಿದುದು ಇದನ್ನೇ.

ಆದರೆ ದಾರಿ ಉತ್ತರಕ್ಕೆ ತಿರುಗಿದ ಮೇಲೆ ಕಥೆ ಬೇರೊಂದು ಯಂತ್ರದ ಅಧೀನವಾಗುತ್ತದೆ. ಒಬ್ಬರ ಗುಟ್ಟು ಹೊರಬೀಳುವುದು, ಅದರ ಬೆನ್ನಿಗೇ ವಿನಾಶ. ಮತ್ತೊಬ್ಬರ ಗುಟ್ಟು, ಮತ್ತೊಂದು ವಿನಾಶ. ತಂಡವನ್ನು ಕರಗಿಸುವುದು ಬಹುಮಟ್ಟಿಗೆ ರೋಗವಲ್ಲ, ಅವರವರ ಸುಳ್ಳು. ಸತ್ಯವನ್ನು ನುಡಿಯಿರೆಂದು ಪೀಡಿಸುವ ಆ ಹುಡುಗಿ ಕಾಲಕ್ರಮದಲ್ಲಿ ದಂಡಾಧಿಕಾರಿಯ ಸ್ಥಾನಕ್ಕೇರುತ್ತಾಳೆ. ಮಾರಿಯಾದರೋ ದಿಗಂತದಲ್ಲಿ ಬರಿದೆ ಹೊಗೆಯಾಡುತ್ತಿರುವ ಹಿನ್ನೆಲೆಯಾಗಿ ಉಳಿದುಬಿಡುತ್ತದೆ. ನನ್ನ ಆಕ್ಷೇಪವಿರುವುದು ಇಲ್ಲಿ. 1348ರ ಸಾವಿನ ಘೋರತೆಯೆಲ್ಲ ಅದು ಲೆಕ್ಕವಿಡದೆ ಬಂದುದರಲ್ಲಿಯೇ ಇತ್ತು. ಸಿಯೆನಾದ ಆನ್ಯೋಲೊ ದಿ ತೂರಾ ತನ್ನ ಐವರು ಮಕ್ಕಳನ್ನು ತನ್ನ ಕೈಯಿಂದಲೇ ಹೂಳಿದನು. ಆ ಐವರು ಯಾವ ಗುಟ್ಟನ್ನು ಬಚ್ಚಿಟ್ಟಿದ್ದರು? ಐರ್ಲೆಂಡಿನ ಕಿಲ್ಕೆನ್ನಿಯ ಸನ್ಯಾಸಿ ಜಾನ್ ಕ್ಲಿನ್ ತನ್ನ ವೃತ್ತಾಂತದ ಕೊನೆಯಲ್ಲಿ, ಯಾರಾದರೂ ಬದುಕಿ ಉಳಿದರೆ ಮುಂದುವರಿಸಲೆಂದು ಬರೆಯದ ಚರ್ಮಪತ್ರವನ್ನು ಬಿಟ್ಟುಹೋದನು. ಆತನ ಸಾವಿಗೆ ಯಾವ ಅಪರಾಧದ ಪೂರ್ವಕಥೆಯೂ ಬೇಕಿರಲಿಲ್ಲ. ಪ್ರತಿಯೊಂದು ಸಾವಿಗೂ ಕಾರಣವನ್ನು ಹೊಂದಿಸಿ ಕೊಡುವ ಕಾದಂಬರಿಯು, ತಾನು ಅರಿಯದೆಯೇ, ರೋಗವೆಂಬುದು ಪಾಪದ ದಂಡನೆಯೆಂದು ಸಾರಿದ ಅಂದಿನ ಬೋಧಕರ ಪಕ್ಷವನ್ನು ಸೇರಿಕೊಳ್ಳುತ್ತದೆ. ಬಾವಿಗೆ ವಿಷ ಹಾಕಿದರೆಂಬ ಸುಳ್ಳಾರೋಪದ ಮೇಲೆ 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನ ಯೆಹೂದ್ಯರನ್ನು ಸುಟ್ಟ ಜನಕ್ಕೆ ಬೇಕಾಗಿದ್ದುದೂ ಕಾರಣವೇ. ಮಾರಿಯಿಂದ ಯೆಹೂದ್ಯರೂ ಸಾಯುತ್ತಿದ್ದಾರೆಂದು ಪೋಪ್ ಆರನೆಯ ಕ್ಲೆಮೆಂಟನು ಆಜ್ಞಾಪತ್ರದಲ್ಲಿ ತಿಳಿಸಿದರೂ ಅದನ್ನು ಕೇಳುವವರಿರಲಿಲ್ಲ.

ಇದೇ ಗುಂಪಿನ ಮತ್ತೊಂದು ರೂಢಿ ದುಷ್ಟ ಪಾದ್ರಿಯದು. ಹಣದಾಸೆಯ ಧರ್ಮಾಧಿಕಾರಿಗಳು ಆ ಕಾಲದಲ್ಲಿ ಧಾರಾಳವಾಗಿ ಇದ್ದರು, ಅದು ಸರಿ. ಆದರೆ ಇಂಗ್ಲೆಂಡಿನ ಕೆಲವು ಪ್ರಾಂತಗಳಲ್ಲಿ ಹಳ್ಳಿಯ ಪಾದ್ರಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸತ್ತರೆಂಬುದೂ, ಸಾಯುವವರ ಬಳಿಗೆ ಹೋದುದೇ ಅನೇಕರ ಸಾವಿಗೆ ಕಾರಣವಾಗಿರಬೇಕೆಂಬುದೂ ನೆನಪಿರಬೇಕು. 1349ರ ಜನವರಿಯಲ್ಲಿ ಬಾತ್ ಮತ್ತು ವೆಲ್ಸಿನ ಬಿಷಪ್ ರಾಲ್ಫನು, ಪಾದ್ರಿ ದೊರೆಯದ ಪಕ್ಷದಲ್ಲಿ ಸಾಯುವವರು ಯಾವ ಗೃಹಸ್ಥನ ಮುಂದಾದರೂ, ಕೊನೆಗೆ ಒಬ್ಬ ಹೆಂಗಸಿನ ಮುಂದಾದರೂ ಪಾಪನಿವೇದನೆ ಮಾಡಿಕೊಳ್ಳಬಹುದೆಂದು ಅಪ್ಪಣೆ ಕೊಟ್ಟನು. ದಾರಿಹೋಕನೊಬ್ಬನ ಕಿವಿಯಲ್ಲಿ ತನ್ನ ಬಾಳಿನ ಗುಟ್ಟನ್ನು ಹೇಳಿ ಕಣ್ಮುಚ್ಚುವ ಅಪರಿಚಿತ: ಎಂಥ ಸನ್ನಿವೇಶವನ್ನು ಚರಿತ್ರೆ ತಾನಾಗಿ ಒದಗಿಸಿಕೊಟ್ಟಿದೆ! ಗುಟ್ಟಿಗೆ ಶಿಕ್ಷೆಯ ಬದಲು ಕಿವಿಯೊಂದು ದೊರಕುವ ಕಥೆಯನ್ನು ಇದರಿಂದ ಕಟ್ಟಬಹುದಾಗಿತ್ತು. ಕಾನಿ ವಿಲ್ಲಿಸ್ 1992ರಲ್ಲಿ ಬರೆದ 'ಡೂಮ್ಸ್‌ಡೇ ಬುಕ್' ಕಾದಂಬರಿಯಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಸಾಯುವ ಹಳ್ಳಿಯ ಪಾದ್ರಿ ಈ ಸತ್ಯಕ್ಕೆ ಹೆಚ್ಚು ಸಮೀಪನಾಗಿದ್ದಾನೆ.

ಪಲಾಯನವೆಂಬುದರ ಬಗೆಗೂ ಒಂದು ಮಾತು. ಬೇಗ ಹೊರಡು, ದೂರ ಹೋಗು, ತಡವಾಗಿ ಹಿಂದಿರುಗು ಎಂಬುದು ಆ ಕಾಲದ ವೈದ್ಯರ ಉಪದೇಶವಾಗಿದ್ದರೂ, ಅದನ್ನು ನಡೆಸಲು ಹಳ್ಳಿಮನೆಯಿದ್ದ ಸಿರಿವಂತನಿಗೆ ಸಾಧ್ಯವಿತ್ತೇ ಹೊರತು ಜಮೀನುದಾರನ ನೆಲಕ್ಕೆ ಕಟ್ಟುಬಿದ್ದ ಜೀತದಾಳಿಗೆ ಅಷ್ಟು ಸುಲಭವಿರಲಿಲ್ಲ. ಹೊರಟವರಿಗೂ ಊರ ಬಾಗಿಲು ತೆರೆದಿರಲಿಲ್ಲ. ಇಟಲಿಯ ಪಿಸ್ತೋಯಾ ನಗರ 1348ರ ಮೇ ತಿಂಗಳಲ್ಲಿಯೇ ಪೀಸಾ, ಲುಕ್ಕಾಗಳಿಂದ ಬರುವವರನ್ನು ತಡೆಯಿತು. ಗ್ಲಾಸ್ಟರ್ ನಗರ ಬ್ರಿಸ್ಟಲಿನವರಿಗೆ ಬಾಗಿಲು ಮುಚ್ಚಿತು, ಆದರೂ ಮಾರಿ ಒಳಹೊಕ್ಕಿತು. ಬಡವರು ನಿಜವಾಗಿ ದಾರಿ ಹಿಡಿದುದು ಮಾರಿ ಹಾದುಹೋದ ಮೇಲೆ, ಆಳುಗಳು ವಿರಳವಾಗಿ ಕೂಲಿ ಏರಿದಾಗ. ಅದನ್ನು ತಡೆಯಲೆಂದೇ 1349ರಲ್ಲಿ ಅರಸನ ಆಜ್ಞೆಯೂ 1351ರಲ್ಲಿ ಪಾರ್ಲಿಮೆಂಟಿನ ಶಾಸನವೂ ಹೊರಟವು. ಬದುಕುಳಿದವರ ಈ ಎರಡನೆಯ ಪಯಣದ ಕಡೆಗೆ ಕಾದಂಬರಿಕಾರರು ಇನ್ನೂ ಹೆಚ್ಚಾಗಿ ಕಣ್ಣು ಹಾಯಿಸಬೇಕಾಗಿದೆ.

ಆ ಕಾಲದ ನಿಜವಾದ ಪ್ರಯಾಣಿಕನೊಬ್ಬನ ಬರಹ ನಮ್ಮ ಮುಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹೊನ್ನಾವರವನ್ನು ಕಂಡುಹೋಗಿದ್ದ ಇಬ್ನ್ ಬತೂತನು, 1348ರಲ್ಲಿ ಸಿರಿಯಾ ದೇಶವನ್ನು ಹಾಯ್ದು ಮನೆಯ ಕಡೆಗೆ ಮರಳುತ್ತಿದ್ದನು. ದಮಾಸ್ಕಸಿನಲ್ಲಿ ಜನರು ಮೂರು ದಿನ ಉಪವಾಸವಿದ್ದು, ಮುಸಲ್ಮಾನರು ಕುರಾನನ್ನೂ ಯೆಹೂದ್ಯರು ತೋರಾವನ್ನೂ ಕ್ರೈಸ್ತರು ಸುವಾರ್ತೆಯನ್ನೂ ಹಿಡಿದು ಒಟ್ಟಾಗಿ ಪ್ರಾರ್ಥನೆಗೆ ನಡೆದುದನ್ನು ಆತನು ದಾಖಲಿಸಿದ್ದಾನೆ; ಸ್ವದೇಶವನ್ನು ಸಮೀಪಿಸಿದಾಗ ತನ್ನ ತಾಯಿಯೂ ಮಾರಿಗೆ ಬಲಿಯಾದಳೆಂಬ ಸುದ್ದಿ ಆತನನ್ನು ಎದುರುಗೊಂಡಿತು. ಆ ವೃತ್ತಾಂತದಲ್ಲಿ ಗುಟ್ಟುಗಳ ಜಾಲವಿಲ್ಲ, ಊರೂರಿನ ಸಾವಿನ ಎಣಿಕೆ ಮಾತ್ರವಿದೆ. ಆದರೂ ಅದು ಮನಸ್ಸನ್ನು ಕಲಕುತ್ತದೆ.

ಈ ರೂಢಿಯನ್ನು ಒಳಗಿನಿಂದಲೇ ಮುರಿದ ಕೃತಿಯೆಂದರೆ ಜೇಮ್ಸ್ ಮೀಕನ 'ಟು ಕ್ಯಾಲೆ, ಇನ್ ಆರ್ಡಿನರಿ ಟೈಮ್' (2019). ಇಲ್ಲಿಯೂ ವರ್ಷ 1348, ಇಲ್ಲಿಯೂ ಕೂಡಿಬಂದ ತಂಡ. ಆದರೆ ಇವರು ರೋಗದಿಂದ ದೂರ ಹೋಗುವವರಲ್ಲ, ಫ್ರಾನ್ಸಿನಿಂದ ಬರುತ್ತಿರುವ ರೋಗದ ಕಡೆಗೇ ನಡೆಯುವವರು. ಬಿಲ್ಲುಗಾರನಾಗಿ ಹೊರಟ ಉಳುವ ಯುವಕನ ಪಾಲಿಗೆ ನೆಲದ ಹಳೆಯ ನುಡಿ, ಒಲ್ಲದ ಮದುವೆಯನ್ನು ತಪ್ಪಿಸಿಕೊಂಡು ಹೊರಟ ಸಿರಿವಂತರ ಹುಡುಗಿಯ ಪಾಲಿಗೆ ಫ್ರೆಂಚಿನ ಛಾಯೆಯ ಮಾತು, ಅವಿನ್ಯೋನಿನ ಧರ್ಮಶಾಸ್ತ್ರಜ್ಞನ ಪಾಲಿಗೆ ಲ್ಯಾಟಿನ್ ತುಂಬಿದ ಗದ್ಯ, ಹೀಗೆ ಮೂರು ಇಂಗ್ಲಿಷುಗಳಲ್ಲಿ ಕಥೆ ಸಾಗುತ್ತದೆ. ಓದು ಮೊದಮೊದಲು ಕಷ್ಟವೆನಿಸಿದರೂ ಆ ಶ್ರಮ ವ್ಯರ್ಥವಾಗುವುದಿಲ್ಲ. ಇಲ್ಲಿಯ ದೊಡ್ಡ ಪಾಪ ಗುಟ್ಟಾಗಿಲ್ಲ: ಬಿಲ್ಲುಗಾರರು ಫ್ರಾನ್ಸಿನಿಂದ ಹೊತ್ತು ತಂದು ಬಂಡಿಯಲ್ಲಿ ಇಟ್ಟುಕೊಂಡಿರುವ ಹೆಂಗಸು ಎಲ್ಲರ ಕಣ್ಣೆದುರಿಗೇ ಇದ್ದಾಳೆ. ಅದಕ್ಕೆ ಹೊಣೆ ಯಾರು, ಕಂಡೂ ಸುಮ್ಮನಿದ್ದವರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಲೇಖಕನು ಎತ್ತುತ್ತಾನೆ. ಆದರೆ ಉತ್ತರ ಹೇಳುವ ಅಧಿಕಾರವನ್ನು ಮಾರಿಗೆ ಬಿಟ್ಟುಕೊಡುವುದಿಲ್ಲ. ಎರಡನ್ನೂ ಓದುವ ಅವಕಾಶವುಳ್ಳವರು ಮೇಟ್‌ಲಂಡರ ಪುಸ್ತಕವನ್ನು ಅದರ ಮಳೆಗಾಗಿ, ಸಂತೆಗಾಗಿ, ಅವಶೇಷ ಮಾರುವ ಆ ಒಂದು ಕಂಠಕ್ಕಾಗಿ ಓದಲಿ. ಆ ವರ್ಷ ಆ ದಾರಿಯಲ್ಲಿ ನಡೆದವರನ್ನು ಅರಿಯಬೇಕೆಂಬ ಆಸೆಯಿದ್ದರೆ ಮಾತ್ರ ಮೀಕನನ್ನು ಬಿಡಬಾರದು, ಅವಸರದಿಂದ ಓದಲೂ ಬಾರದು.