ಸಿಗಡಿಯ ಸಮುದ್ರದಲ್ಲಿ ಪಾಲುದಾರರು ಯಾರು?

ಆಗಸ್ಟ್ ಒಂದನೇ ತಾರೀಕು ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರುಗಳಲ್ಲಿ ಒಂದು ಬಗೆಯ ಹಬ್ಬ. ಮಳೆಗಾಲದ 61 ದಿನಗಳ ನಿಷೇಧ ಮುಗಿದು, ಬಣ್ಣ ಬಳಿಸಿಕೊಂಡು ನಿಂತ ಟ್ರಾಲ್ ದೋಣಿಗಳು ಕಡಲಿಗಿಳಿಯುವ ದಿನ ಅದು. ಮೊದಲ ಕೆಲವು ವಾರ ಎಲ್ಲರ ಕಣ್ಣೂ ಸಿಗಡಿಯ ಮೇಲೆಯೇ. ತುಳುವರು ಎಟ್ಟಿ ಎನ್ನುವ, ಕುಂದಾಪುರದವರು ಚಟ್ಲಿ ಎನ್ನುವ ಈ ಜೀವಿಗೆ ಬರುವ ಬೆಲೆ ಬೇರೆ ಮೀನಿಗೆ ಬರುವುದು ಕಡಿಮೆ. ಹುಲಿ ಸಿಗಡಿಯ ಹಂಗಾಮು ಉತ್ತರ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ಆರಂಭವಾಗುವುದೂ ಸಾಮಾನ್ಯವಾಗಿ ಅದೇ ಆಗಸ್ಟ್ ಒಂದರಂದು. ಇದು ಕೇವಲ ಕಾಕತಾಳೀಯ. ಆದರೆ ಎರಡೂ ಕಡಲುಗಳನ್ನು ಒಟ್ಟಿಗೆ ನೋಡಲು ಇದೊಂದು ನೆಪವಾಗುತ್ತದೆ.

ನಮ್ಮಲ್ಲಿ ಹೊರಡುವ ದೋಣಿಗಳು ಸಾವಿರಾರು. ಅಲ್ಲಿ ಕೇಪ್ ಯಾರ್ಕ್‌ನಿಂದ ಪಶ್ಚಿಮ ಆಸ್ಟ್ರೇಲಿಯಾದ ಕೇಪ್ ಲಂಡನ್‌ಡೆರಿಯವರೆಗೆ ಹಬ್ಬಿದ ಅಷ್ಟು ದೊಡ್ಡ ಸಮುದ್ರಕ್ಕೆ ದೋಣಿಗಳು 52 ಮಾತ್ರ. ನಮ್ಮಲ್ಲಿ ನಿಷೇಧದ ದಿನಾಂಕ ಸರಕಾರದ ಆದೇಶದ ರೂಪದಲ್ಲಿ ಬಂದು ಬೀಳುತ್ತದೆ. ಅಲ್ಲಿ ಹಂಗಾಮು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಹಕ್ಕುದಾರರ ಕಂಪನಿ, ವಿಜ್ಞಾನಿಗಳು ಮತ್ತು ಸರಕಾರಿ ಪ್ರಾಧಿಕಾರ ಒಟ್ಟಿಗೆ ಕುಳಿತು ಚರ್ಚಿಸುತ್ತಾರೆ. ಇದಕ್ಕೆ ಜಂಟಿ ನಿರ್ವಹಣೆ ಎಂದು ಹೆಸರು. ಮೀನುಗಾರಿಕೆಯ ತಜ್ಞರು ಜಗತ್ತಿಗೆ ಮಾದರಿಯೆಂದು ಎತ್ತಿ ತೋರಿಸುವ ವ್ಯವಸ್ಥೆಗಳಲ್ಲಿ ಇದೂ ಒಂದು. 2012ರಲ್ಲಿ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಸುಸ್ಥಿರತೆಯ ಪ್ರಮಾಣಪತ್ರವೂ ಇದಕ್ಕೆ ಸಿಕ್ಕಿತು. ಈಗ ನಮ್ಮ ವಿಚಾರಗೋಷ್ಠಿಗಳಲ್ಲೂ ಪಾಲುದಾರಿಕೆ, ಸಹಭಾಗಿತ್ವ ಎಂಬ ಮಾತುಗಳು ಧಾರಾಳವಾಗಿ ಹರಿಯುತ್ತಿವೆ. ಆದ್ದರಿಂದ ಆ ಮಾದರಿಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ.

ಮೊದಲು ಅದರ ಒಳ್ಳೆಯದನ್ನು ಹೇಳಿಬಿಡೋಣ. ಕುರುಡು ವಿರೋಧದಿಂದ ಯಾರಿಗೂ ಲಾಭವಿಲ್ಲ.

1963ರಿಂದ 65ರವರೆಗೆ ಸರಕಾರಿ ವಿಜ್ಞಾನ ಸಂಸ್ಥೆ ನಡೆಸಿದ ಸಮೀಕ್ಷೆಯ ಬೆನ್ನಲ್ಲೇ ಆ ಕೊಲ್ಲಿಯಲ್ಲಿ ವಾಣಿಜ್ಯ ಸಿಗಡಿ ಬೇಟೆ ಶುರುವಾಯಿತು. ಅಲ್ಲಿನ ಬಾಳೆ ಸಿಗಡಿ ಹಿಂಡು ಕಟ್ಟುವ ಜಾತಿ. ಹಿಂಡು ತಳದ ಕೆಸರನ್ನು ಕಲಕಿದಾಗ ನೀರಿನ ಮೇಲೆ ಕಂದು ಕಲೆ ಮೂಡುತ್ತದೆ. ಅದನ್ನು ಹುಡುಕಲು ಚಿಕ್ಕ ವಿಮಾನಗಳನ್ನು ಹಾರಿಸುತ್ತಿದ್ದರು! ಭಾರೀ ಮಳೆಯಾದ 1974ರಲ್ಲಿ ಬಾಳೆ ಸಿಗಡಿಯ ಹಿಡಿತ ಹತ್ತು ಸಾವಿರ ಟನ್ ದಾಟಿತು. ಚಿನ್ನದ ಗಣಿ ಸಿಕ್ಕಿತೆಂಬ ಸುದ್ದಿಗೆ ದೋಣಿಗಳು ಮುತ್ತಿದವು. 1980ರ ದಶಕದ ಆರಂಭಕ್ಕೆ ಅವುಗಳ ಸಂಖ್ಯೆ ಮುನ್ನೂರರ ಹತ್ತಿರ ಬಂತು. ಆಮೇಲೆ ನಡೆದದ್ದು ನಮ್ಮ ಕರಾವಳಿಗೂ ಗೊತ್ತಿರುವ ಕಥೆಯೇ. ಎಂಜಿನ್ ದೊಡ್ಡದಾಯಿತು, ಬಲೆ ಅಗಲವಾಯಿತು, ಹುಲಿ ಸಿಗಡಿ ಕಡಿಮೆಯಾಯಿತು.

ಅವರು ಹಿಡಿದ ದಾರಿ ಸುಲಭದ್ದಾಗಿರಲಿಲ್ಲ. ದೋಣಿಯ ಗಾತ್ರ ಮತ್ತು ಎಂಜಿನ್ ಶಕ್ತಿಯನ್ನು ಯೂನಿಟ್‌ಗಳಲ್ಲಿ ಅಳೆದು ಹಂಚಿದರು. 1993ರಲ್ಲಿ ಪ್ರತಿಯೊಬ್ಬ ದೋಣಿ ಮಾಲಕನೂ ತನ್ನ ಯೂನಿಟ್‌ಗಳಲ್ಲಿ ಸುಮಾರು ಮೂವತ್ತು ಶೇಕಡಾ ಭಾಗವನ್ನು ಕಡ್ಡಾಯವಾಗಿ ಬಿಟ್ಟುಕೊಡಬೇಕಾಯಿತು. ಕೆಲವರು ನ್ಯಾಯಾಲಯಕ್ಕೆ ಹೋಗಿ ಸೋತರು. ಕಾನೂನು ಕೊಟ್ಟ ಹಕ್ಕನ್ನು ಕಾನೂನು ಮೊಟಕುಗೊಳಿಸಬಹುದು ಎಂಬುದು ಅಲ್ಲಿ ಗೆದ್ದ ವಾದ. (ಈ ವಾದವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.) 2000ದಲ್ಲಿ ದೋಣಿಯನ್ನು ಅಳೆಯುವುದನ್ನು ಬಿಟ್ಟು ಬಲೆಯ ಬಾಯಗಲವನ್ನು ಅಳೆಯಲಾರಂಭಿಸಿದರು. 2006ರ ಹೊತ್ತಿಗೆ ಫೆಡರಲ್ ಸರಕಾರ 22 ಕೋಟಿ ಡಾಲರ್‌ಗಳ ರಾಷ್ಟ್ರೀಯ ಪ್ಯಾಕೇಜ್ ತಂದಿತು. ಅದರ ದೊಡ್ಡ ಪಾಲು ಮೀನುಗಾರಿಕೆಯ ಹಕ್ಕುಗಳನ್ನು ಮರಳಿ ಕೊಳ್ಳುವುದಕ್ಕೆ ಮೀಸಲಾಗಿತ್ತು. 95ರ ಆಸುಪಾಸಿನಲ್ಲಿದ್ದ ಸಿಗಡಿ ದೋಣಿಗಳು ಆಗ 52ಕ್ಕೆ ಇಳಿದವು.

ಉಳಿದವರು ಒಂದು ಕಂಪನಿ ಕಟ್ಟಿಕೊಂಡರು. ಮೊದಲು 1992ರಲ್ಲಿ ಸ್ಥಾಪನೆಯಾದ ಆಸ್ಟ್ರೇಲಿಯನ್ ಫಿಶರೀಸ್ ಮ್ಯಾನೇಜ್‌ಮೆಂಟ್ ಅಥಾರಿಟಿ ಮಾಡುತ್ತಿದ್ದ ಕೆಲಸಗಳಲ್ಲಿ ಹಲವನ್ನು, ಅಂದರೆ ಹಿಡಿತದ ಲೆಕ್ಕ ಸಂಗ್ರಹ, ದೋಣಿಯ ಕೆಲಸಗಾರರಿಗೇ ತರಬೇತಿ ಕೊಟ್ಟು ವೀಕ್ಷಕರನ್ನಾಗಿಸುವುದು, ಹಂಗಾಮಿನ ಬಗ್ಗೆ ಸಲಹೆ ನೀಡುವುದು ಮುಂತಾದವನ್ನು ಈ ಕಂಪನಿ ವಹಿಸಿಕೊಂಡಿತು. ನಿರ್ವಹಣೆಯ ಖರ್ಚನ್ನೂ ಉದ್ಯಮವೇ ಲೆವಿಯ ಮೂಲಕ ಭರಿಸುತ್ತದೆ. ತಾನೇ ದುಡ್ಡು ಕೊಟ್ಟು, ತಾನೇ ಲೆಕ್ಕ ಬರೆದು, ತಾನೇ ಒಪ್ಪಿದ ನಿಯಮವನ್ನು ಮನುಷ್ಯ ಮುರಿಯುವುದು ಕಡಿಮೆ. ಇದು ಸರಳ ಸತ್ಯ. ನಮ್ಮಲ್ಲಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ ಮೇಲೂ ರಾತ್ರಿ ಕಡಲಲ್ಲಿ ಎಲ್‌ಇಡಿ ದೀಪ ಉರಿಯುವುದು ನಿಂತಿಲ್ಲ. ಆದೇಶ ಮಾತ್ರ ಇದ್ದು ಒಪ್ಪಿಗೆ ಇಲ್ಲದಿದ್ದರೆ ಹೀಗೆಯೇ ಆಗುವುದು.

ಕಡಲಾಮೆಗಳ ಕಥೆಯನ್ನೂ ಹೇಳಬೇಕು. 1980ರ ದಶಕದ ಕೊನೆಗೆ ಆ ಸಮುದ್ರದಲ್ಲಿ ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು ಆಮೆಗಳು ಸಿಗಡಿ ಬಲೆಗೆ ಬೀಳುತ್ತಿದ್ದವು. ಬಲೆಯೊಳಗೆ ಓರೆಯಾಗಿ ಕೂರಿಸುವ ಒಂದು ಲೋಹದ ಜಾಲರಿ, ಪಕ್ಕದಲ್ಲಿ ಆಮೆ ಪಾರಾಗಲು ಒಂದು ಕಂಡಿ. ಇದಕ್ಕೆ ಟೆಡ್ ಎನ್ನುತ್ತಾರೆ. 2000ದಿಂದ ಇದನ್ನು ಕಡ್ಡಾಯ ಮಾಡಿದ ಮೇಲೆ ಸಿಕ್ಕಿಬೀಳುವ ಆಮೆಗಳ ಸಂಖ್ಯೆ ಶೇ. 99ರಷ್ಟು ಇಳಿಯಿತು. ಗರಗಸ ಮೀನಿನ ವಿಷಯದಲ್ಲಿ ಅಷ್ಟು ಯಶಸ್ಸು ಸಿಕ್ಕಿಲ್ಲ. ಅದರ ಹಲ್ಲಿನ ಮೂತಿ ಜಾಲರಿಗೆ ತಲುಪುವ ಮೊದಲೇ ಬಲೆಯ ಕಣ್ಣಿಗೆ ಸಿಲುಕುತ್ತದೆ. ಇದೇ ಟೆಡ್ ವಿಷಯದಲ್ಲಿ ಭಾರತವು ಮಲೇಷ್ಯಾ, ಪಾಕಿಸ್ತಾನ ಮತ್ತು ಥಾಯ್ಲೆಂಡ್ ಜೊತೆ ಸೇರಿ ಅಮೆರಿಕದ ವಿರುದ್ಧ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಒಯ್ದಿತ್ತು. 1998ರಲ್ಲಿ ತೀರ್ಪೂ ಬಂತು. ಅಷ್ಟಾದರೂ ಟೆಡ್ ಇಲ್ಲವೆಂಬ ಕಾರಣಕ್ಕೆ 2019ರಲ್ಲಿ ನಮ್ಮ ಕಡಲ ಸಿಗಡಿಗೆ ಅಮೆರಿಕದ ಬಾಗಿಲು ಮುಚ್ಚಿತು. ವಾದ ಮಾಡಲು ತೋರಿಸಿದ ಉತ್ಸಾಹವನ್ನು ಬಲೆ ತಿದ್ದಲು ನಾವು ತೋರಿಸಲಿಲ್ಲ.

ಇಷ್ಟು ಮೆಚ್ಚಿಕೊಂಡ ಮೇಲೂ ನಮ್ಮ ಪ್ರಶ್ನೆ ಉಳಿಯುತ್ತದೆ. ಜಂಟಿ ಎಂದರೆ ಯಾರು ಯಾರು ಜಂಟಿ?

ಆ ವ್ಯವಸ್ಥೆಯಲ್ಲಿ ಪಾಲುದಾರನೆಂದರೆ ಮಾರಬಹುದಾದ, ಕೊಳ್ಳಬಹುದಾದ ಶಾಸನಬದ್ಧ ಹಕ್ಕು ಕೈಯಲ್ಲಿರುವವನು. 52 ದೋಣಿಗಳ ಹಿಂದೆ ಇರುವುದು ಇನ್ನೂ ಕಡಿಮೆ ಸಂಖ್ಯೆಯ ಕಂಪನಿಗಳು. ದೋಣಿಯ ನಾಯಕನಿಗೂ ಕೆಲಸಗಾರನಿಗೂ ಸಂಬಳ ಸಿಗುವುದು ಹಿಡಿತದ ಪಾಲಿನ ರೂಪದಲ್ಲಿ. ನಮ್ಮ ಕರಾವಳಿಯಲ್ಲೂ ಹೀಗೆಯೇ. ಪಾಲು ಪಡೆಯುವವರು ಅವರು, ಪಾಲುದಾರರು ಮಾತ್ರ ಬೇರೆಯವರು! ಮೇಲಾಗಿ ಆ ಮೀನುಗಾರಿಕೆಯ ಗುರಿ ಅತಿ ಹೆಚ್ಚು ಸಿಗಡಿ ಹಿಡಿಯುವುದಲ್ಲ, ಅತಿ ಹೆಚ್ಚು ಲಾಭ ಗಳಿಸುವುದು. ಕಡಲಲ್ಲಿ ಹೆಚ್ಚು ಸಿಗಡಿ ಬಿಟ್ಟರೆ ಕಡಿಮೆ ದೋಣಿ, ಕಡಿಮೆ ಡೀಸೆಲ್ ಸಾಕು; ಖರ್ಚು ಕಳೆದು ಉಳಿಯುವ ಹಣ ಹೆಚ್ಚುತ್ತದೆ. ಸಿಗಡಿಗೂ ಇದು ಕ್ಷೇಮ, ಒಪ್ಪೋಣ. ಆದರೆ ಈ ಲೆಕ್ಕದ ಪುಸ್ತಕದಲ್ಲಿ ಕೆಲಸಗಾರನ ಕೂಲಿ ಖರ್ಚಿನ ಕಾಲಮಿನಲ್ಲಿ ಬರುತ್ತದೆ ಎಂಬುದನ್ನು ಮರೆಯಬಾರದು. ಕೂಲಿ ಕಡಿಮೆಯಾದಷ್ಟೂ ಆ ಪುಸ್ತಕದ ಪ್ರಕಾರ ಮೀನುಗಾರಿಕೆ ಉತ್ತಮ. ದೊಡ್ಡ ಭೂಖಂಡದಲ್ಲಿ ಕಡಿಮೆ ಜನರಿರುವ ದೇಶಕ್ಕೆ ಇದು ನಡೆಯಬಹುದು. ಮಲ್ಪೆಗೆ?

ಇನ್ನೊಂದು ಮಾತು ಹೆಚ್ಚು ಹಳೆಯದು. ಆ ತೀರ ಖಾಲಿಯಾಗಿರಲಿಲ್ಲ. ಆರ್ನ್‌ಹೆಮ್ ಲ್ಯಾಂಡ್‌ನ ಯೊಲ್ಂಗು ಜನರು ಮತ್ತು ಕೊಲ್ಲಿಯ ಸುತ್ತಲಿನ ಇತರ ಮೂಲನಿವಾಸಿಗಳು ಕಡಲನ್ನೂ ನೆಲದಂತೆಯೇ ತಮ್ಮ ಕುಲದ ಹೆಸರಿನಲ್ಲಿ ಗುರುತಿಸುತ್ತಾ ಬಂದವರು. ಆ ತೀರಕ್ಕೆ ಸುಲಾವೆಸಿ ದ್ವೀಪದ ಮಕಸ್ಸರ್‌ನಿಂದ ಮುಸ್ಲಿಮ್ ನಾವಿಕರು ಕನಿಷ್ಠ ಹದಿನೆಂಟನೇ ಶತಮಾನದಿಂದ ಪ್ರತಿ ಮಳೆಗಾಲದ ಗಾಳಿಯೊಂದಿಗೆ ಬರುತ್ತಿದ್ದರು. ಅವರು ಬರುತ್ತಿದ್ದುದು ಚೀನಾದ ಮಾರುಕಟ್ಟೆಗೆ ಬೇಕಾದ ಕಡಲ ಸೌತೆಯನ್ನು ಹಿಡಿದು, ಬೇಯಿಸಿ, ಒಣಗಿಸಿ ಒಯ್ಯಲು. ಅಕ್ಕಿ, ತಂಬಾಕು, ಕಬ್ಬಿಣ ಕೊಟ್ಟು ತೀರದವರ ಜೊತೆ ವ್ಯಾಪಾರ ಮಾಡಿದರು. ಬಿಳಿಯರನ್ನು ಯೊಲ್ಂಗು ಜನ ಇಂದಿಗೂ ಕರೆಯುವ ‘ಬಲಂಡ’ ಎಂಬ ಪದ ಇವರ ಮೂಲಕವೇ ಬಂದದ್ದು, ಹಾಲಂಡಿನವರು ಎಂಬರ್ಥದಲ್ಲಿ. ಎಲ್ಲವೂ ಸೌಹಾರ್ದವೇ ಆಗಿತ್ತೆಂದು ನಾವು ಹೇಳುವುದಿಲ್ಲ. ಜಗಳಗಳೂ ಸಾವುಗಳೂ ನಡೆದಿವೆ. ಆದರೆ ಅದು ಎರಡು ಕಡೆಯವರು ತಮ್ಮಲ್ಲೇ ಕುದುರಿಸಿಕೊಂಡ ವ್ಯವಹಾರವಾಗಿತ್ತು. 1880ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸರಕಾರ ಅದರ ಮೇಲೆ ಸುಂಕ ಮತ್ತು ಲೈಸೆನ್ಸ್ ಹೇರಿತು. 1906ರಲ್ಲಿ ಇನ್ನು ಮುಂದೆ ಲೈಸೆನ್ಸ್ ಕೊಡುವುದಿಲ್ಲ ಎಂದಿತು. 1907ರಲ್ಲಿ ಕೊನೆಯ ಮಕಸ್ಸರ್ ಹಡಗು ಹಿಂದಿರುಗಿತು.

ಈಗಿನ ಜಂಟಿ ನಿರ್ವಹಣೆ ನಿಂತಿರುವುದೂ ಅಂಥದೇ ಒಂದು ಲೈಸೆನ್ಸಿನ ಮೇಲೆ. ಯಾರಿಗೆ ಕೊಡಬೇಕು ಎಂಬುದನ್ನು 1970ರ, 80ರ ದಶಕಗಳಲ್ಲಿ ನಿರ್ಧರಿಸಿದಾಗ ಅದು ಸಿಕ್ಕಿದ್ದು ಆಗ ಟ್ರಾಲರ್ ಇದ್ದವನಿಗೆ. ಸಾವಿರಾರು ವರ್ಷಗಳಿಂದ ಆ ತೀರದಲ್ಲಿದ್ದವನ ಬಳಿ ಟ್ರಾಲರ್ ಇರಲಿಲ್ಲ.

2001ರಲ್ಲಿ ಕ್ರೋಕರ್ ದ್ವೀಪದ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಕಡಲಿನ ಮೇಲೆ ಮೂಲನಿವಾಸಿಗಳಿಗೆ ಹಕ್ಕಿದೆ, ಆದರೆ ಇತರರನ್ನು ಹೊರಗಿಡುವ ಹಕ್ಕಿಲ್ಲ ಎಂದಿತು. 2008ರ ಬ್ಲೂ ಮಡ್ ಬೇ ತೀರ್ಪು ಒಂದು ಹೆಜ್ಜೆ ಮುಂದೆ ಹೋಯಿತು. ನಾರ್ದರ್ನ್ ಟೆರಿಟರಿಯ ತೀರದ ಸುಮಾರು ಶೇ. 80 ಭಾಗದಲ್ಲಿ, ಭರತ ಇಳಿತಗಳ ನಡುವಿನ ಪಟ್ಟಿಗೆ ಮೀನುಗಾರನು ಬರಬೇಕಾದರೆ ಮೂಲನಿವಾಸಿ ಭೂಮಾಲಕರ ಅನುಮತಿ ಬೇಕು ಎಂದು ಅದು ಹೇಳಿತು. ದೊಡ್ಡ ಗೆಲುವೇ. ಆದರೆ ಸಿಗಡಿ ಟ್ರಾಲರ್ ಬಲೆ ಎಳೆಯುವುದು ಆ ಪಟ್ಟಿಯಿಂದಾಚೆ. ಇಳಿತದ ಗೆರೆಯವರೆಗೆ ಅನುಮತಿ ಕೊಡುವ ಒಡೆಯ, ಆ ಗೆರೆ ದಾಟಿದರೆ ಅಭಿಪ್ರಾಯ ಕೇಳಬಹುದಾದ ಒಬ್ಬ ಆಸಕ್ತ! ಇಲ್ಲಿ ಆ ಹಳೆಯ ವಾದವನ್ನು ನೆನಪಿಸಿಕೊಳ್ಳಿ. ಕಾನೂನು ನಿನ್ನೆ ಮೊನ್ನೆ ಸೃಷ್ಟಿಸಿದ, ಬೇಕಾದಾಗ ಮೊಟಕುಗೊಳಿಸಬಹುದಾದ ಹಕ್ಕಿನವನಿಗೆ ಮೇಜಿನ ಮುಂದೆ ಕುರ್ಚಿ ಇದೆ. ಕಾನೂನಿಗಿಂತ ಹಳೆಯ ಹಕ್ಕಿನವನು ಪ್ರತಿ ಬಾರಿ ನ್ಯಾಯಾಲಯದಲ್ಲಿ ತನ್ನ ಅಜ್ಜನ ಸಾಕ್ಷಿ ಹೇಳಬೇಕು.

ಕುರ್ಚಿ ಸಿಕ್ಕವನಿಗೂ ಎಲ್ಲವೂ ಸಿಗುವುದಿಲ್ಲ ಎಂಬುದಕ್ಕೆ ಈಗ ನದಿಗಳ ವಿವಾದ ಸಾಕ್ಷಿಯಾಗಿದೆ. ಬಾಳೆ ಸಿಗಡಿಯ ಮರಿಗಳು ಬೆಳೆಯುವುದು ಕಾಂಡ್ಲಾ ಕಾಡಿನ ಅಳಿವೆಗಳಲ್ಲಿ. ಮಳೆಗಾಲದ ನೆರೆ ಅವುಗಳನ್ನು ಕಡಲಿಗೆ ತಳ್ಳುತ್ತದೆ. ನೆರೆ ಜೋರಾದರೆ ಹಿಡಿತ ಜೋರು. 1974 ಅದಕ್ಕೇ 1974 ಆದದ್ದು. ಈಗ ಫ್ಲಿಂಡರ್ಸ್, ಗಿಲ್ಬರ್ಟ್, ಮಿಚೆಲ್ ನದಿಗಳ ನೀರನ್ನು ನೀರಾವರಿಗೆ ತಿರುಗಿಸುವ ಯೋಜನೆಗಳು ಚರ್ಚೆಯಲ್ಲಿವೆ. ಸಿಗಡಿ ಉದ್ಯಮ ಆಕ್ಷೇಪಿಸುತ್ತಿದೆ. ಆದರೆ ನದಿಯ ನೀರು ಹಂಚುವುದು ಕ್ವೀನ್ಸ್‌ಲ್ಯಾಂಡ್ ರಾಜ್ಯ, ಸಿಗಡಿಯನ್ನು ನಿರ್ವಹಿಸುವುದು ಫೆಡರಲ್ ಪ್ರಾಧಿಕಾರ. ಬಲೆಯ ಬಾಯಗಲವನ್ನು ಮೀಟರ್ ಲೆಕ್ಕದಲ್ಲಿ ಅಳೆಯುವ ಪಾಲುದಾರಿಕೆಗೆ ನದಿಯ ಬಾಯಿ ಮುಚ್ಚುವುದನ್ನು ತಡೆಯುವ ಅಧಿಕಾರವಿಲ್ಲ. ಈ ಒಂದು ವಿಷಯದಲ್ಲಿ ಟ್ರಾಲರ್ ಮಾಲಕನೂ ತೀರದ ಮೂಲನಿವಾಸಿಯೂ ಒಂದೇ ಕಡೆ ನಿಲ್ಲಬಹುದಾದವರು.

ನಮ್ಮಲ್ಲಿ ನೇತ್ರಾವತಿಯ ಕೊಳ್ಳದಿಂದ ನೀರು ಒಯ್ಯುವ ಎತ್ತಿನಹೊಳೆ ಯೋಜನೆಯ ಬಗ್ಗೆ ಎಷ್ಟೋ ವರ್ಷ ಚರ್ಚೆ ನಡೆಯಿತು. ಕಾಡಿನ ಮಾತು ಬಂತು, ಕುಡಿಯುವ ನೀರಿನ ಮಾತು ಬಂತು. ಅಳಿವೆಯ ಸಿಗಡಿ ಮರಿಯ ಮಾತು ಆ ಗದ್ದಲದಲ್ಲಿ ಎಲ್ಲೋ ಮೂಲೆಯಲ್ಲಿ ಉಳಿಯಿತು. ಮಳೆಗಾಲದ ನೀರು ಕಡಲಿಗೆ ಸೇರಿ ವ್ಯರ್ಥವಾಗುತ್ತದೆ ಎಂಬ ಮಾತನ್ನು ನಮ್ಮ ರಾಜಕಾರಣಿಗಳಿಂದ ನಾವು ಎಷ್ಟು ಸಲ ಕೇಳಿಲ್ಲ! ಕಾರ್ಪೆಂಟೇರಿಯಾದ ಮೀನುಗಾರ ಅದನ್ನು ಕೇಳಿದರೆ ನಕ್ಕಾನು.

ಹಾಗಾದರೆ ನಮ್ಮ ಕರಾವಳಿಗೆ ಜಂಟಿ ನಿರ್ವಹಣೆ ಬೇಡವೇ? ಬೇಕು. ಆದೇಶಗಳಿಂದ ಮಾತ್ರ ಕಡಲು ಉಳಿಯುವುದಿಲ್ಲ ಎಂದು ನಾವೇ ಮೇಲೆ ಹೇಳಿದ್ದೇವೆ. ಆದರೆ ಲೆಕ್ಕದ ಮೊದಲ ಪುಟದಲ್ಲಿ ಯಾರ ಹೆಸರು ಬರೆಯುತ್ತೇವೆ ಎಂಬುದು ಆಮೇಲೆ ತಿದ್ದಲು ಬರುವುದಿಲ್ಲ. ದೋಣಿ ಮಾಲಕರ ಸಂಘಗಳಿಗೆ ಹೆಸರಿದೆ, ಕಚೇರಿಯಿದೆ, ಮನವಿ ಸಲ್ಲಿಸಲು ಲೆಟರ್‌ಹೆಡ್ಡಿದೆ. ದಡದಿಂದಲೇ ಕೈರಂಪಣಿ ಎಳೆಯುವವನಿಗೆ, ನಿಷೇಧದ ದಿನಗಳಲ್ಲೂ ನಾಡದೋಣಿಯಲ್ಲಿ ಹೋಗಿ ಬರುವವನಿಗೆ, ಐಸ್ ಕಟ್ಟೆಯ ಮೇಲೆ ಕುಳಿತು ಸಿಗಡಿಯ ತಲೆ ಚಿವುಟುವ ಹೆಂಗಸಿಗೆ ಅಷ್ಟು ಸೌಕರ್ಯವಿಲ್ಲ. ಟ್ರಾಲ್ ದೋಣಿಗಳ ಮೇಲೆ ದುಡಿಯುವ ಅನೇಕರು ಈಗ ಒಡಿಶಾದಿಂದ, ಆಂಧ್ರದಿಂದ ಬಂದವರು. ಮೀನುಗಾರಿಕೆಯ ಬಗ್ಗೆ ಸಭೆ ಕರೆಯಲು ಅಧಿಕಾರಿಗಳಿಗೆ ಬಿಡುವಾಗುವುದು ಜೂನ್ ಜುಲೈಯಲ್ಲಿ, ದೋಣಿಗಳು ದಕ್ಕೆಯಲ್ಲಿ ಕಟ್ಟಿರುವಾಗ. ಅಷ್ಟರಲ್ಲಿ ಅವರು ರೈಲು ಹತ್ತಿ ಊರಿಗೆ ಹೋಗಿರುತ್ತಾರೆ.