ಕಡ್ಲಿಹಿಟ್ಟಿನ ಜಳಕ ಮತ್ತು ‘ಬಯೋಮ್’ ಕ್ರೀಮು

‘ಮೈಕ್ರೋಬಯೋಮ್ ಸ್ನೇಹಿ’ ಎಂದು ಬರೆದುಕೊಂಡ ಕ್ರೀಮು ಈಗ ಆನ್‌ಲೈನಿನಲ್ಲಿ ತರಿಸಿದರೆ ಇಳಕಲ್ಲಿಗೂ ಬರುತ್ತದೆ, ಬಾದಾಮಿಗೂ ಬರುತ್ತದೆ. ಅದು ಹೇಳುವ ವಿಜ್ಞಾನ ಸುಳ್ಳಲ್ಲ. ತೊಗಲಿನ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ವಸತಿಯೇ ಇದೆ, ಮೈಕ್ರೋಬಯೋಮ್ ಎಂದರೆ ಅದೇ. ಅವುಗಳಲ್ಲಿ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಎಂಬುದು ಕೀವು ತರುವ ತನ್ನದೇ ಕುಲದ ಆರಿಯಸ್ ಬೇರೂರದಂತೆ ನೋಡಿಕೊಳ್ಳುತ್ತದೆ. ಈ ವಸತಿ ನೆಮ್ಮದಿಯಾಗಿರಲು ತೊಗಲು ತುಸು ಹುಳಿಯಾಗಿರಬೇಕು, ಪಿಎಚ್ 5ರ ಆಸುಪಾಸು. ಸಾಬೂನಿನದು 9–10. ಹಾಗಾಗಿ ನನ್ನ ಅಳತೆಗೋಲು ಒಂದೇ: ಜಳಕ ಮುಗಿದ ಮೇಲೆ ತೊಗಲ ಮೇಲೆ ಏನು ಉಳಿಯಿತು?

ಕ್ರೀಮಿನ ಡಬ್ಬಿ ಕೆಡಬಾರದೆಂದು ಸಂರಕ್ಷಕ ಹಾಕಿರುತ್ತಾರೆ. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಬಾಳುವುದು ಕಷ್ಟ. ಬಹುತೇಕ ಇರುವುದು ಸತ್ತ ಬ್ಯಾಕ್ಟೀರಿಯಾದ ಸಾರ ಅಥವಾ ಅವಕ್ಕೆ ಮೇವೆನ್ನುವ ಸಕ್ಕರೆಯಂಥ ವಸ್ತು. ತೇವ ಹಿಡಿಯುತ್ತದೆ, ಸರಿ. ಅಷ್ಟಕ್ಕೇ ಅಷ್ಟು ದುಡ್ಡೇ?

ಇನ್ನು ನಮ್ಮ ಹಳೆಯ ಜಳಕ. ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಬೆಚ್ಚಗಿನ ಎಣ್ಣೆ ಮೈಗೆಲ್ಲ ತಿಕ್ಕಿ, ಅಂಗೈಯಲ್ಲಿ ಕಡ್ಲಿಹಿಟ್ಟು ಕಲಸಿ ಹಚ್ಚಿ, ಅದು ಜಿಡ್ಡು ಹೀರಿ ಎಳೆಎಳೆಯಾಗಿ ಉದುರುವ ಹೊತ್ತಿಗೆ ಹಂಡೆಯ ನೀರು ಹೊಯ್ಯುತ್ತಾರೆ. ಹಿಟ್ಟು ಸಾಬೂನಿನಷ್ಟು ಕ್ಷಾರವಲ್ಲ. ಮೇಲಿನ ಜಿಡ್ಡು ಒಯ್ದು, ತೊಗಲಿನ ಸ್ವಂತ ಎಣ್ಣೆಯನ್ನು ಬಹುಪಾಲು ಬಿಟ್ಟುಹೋಗುತ್ತದೆ. ಎಣ್ಣೆಯ ಮಾತಿಗೆ ಬಂದರೆ, ಬಿಳಿಜೋಳದ ಹೊಲದಲ್ಲಿ ಸಾಲು ಹಿಡಿದು ಬೆಳೆಯುವ ಕುಸುಬಿಯ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಲಿನೋಲೆಯಿಕ್ ಆಮ್ಲವಿದೆ. ತೊಗಲಿನ ಹೊರಪದರ ಗಟ್ಟಿಯಾಗಲು ಬೇಕಾದದ್ದು ಅದೇ. ಕೊಳವೆಬಾವಿಯ ಸವಳು ನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳಿ ಗಸಿಯಾಗಿ ಮೈಗಂಟುತ್ತದೆ, ಚಳಿ ಬಿದ್ದರೆ ಕಾಲು ಬಿರಿಯುತ್ತವೆ. ಹಿಟ್ಟಿಗೆ ಈ ತಕರಾರಿಲ್ಲ.

ಹಾಗೆಂದು ಹಳೆಯದಕ್ಕೆಲ್ಲ ಕೈಮುಗಿಯಲಾರೆ. ತಲೆಯಲ್ಲಿ ಹೊಟ್ಟೆದ್ದರೆ ಇನ್ನಷ್ಟು ಎಣ್ಣೆ ಸುರಿಯುವುದು ತಪ್ಪು. ಹೊಟ್ಟಿಗೆ ಕಾರಣವಾದ ಮಲಸೇಜಿಯಾ ಶಿಲೀಂಧ್ರ ಬದುಕುವುದೇ ಕೊಬ್ಬು ತಿಂದು. ಮೈಗೂದಲು ಉದುರಲೆಂದು ಕೂಸನ್ನು ಹಿಟ್ಟು ಹಚ್ಚಿ ತಿಕ್ಕುವುದಂತೂ ಶುದ್ಧ ಹಿಂಸೆ. ಎಳೆ ತೊಗಲು ತರಚಿದರೆ ಸೋಂಕಿಗೆ ದಾರಿ.

‘ಕೀಟಾಣು ಕೊಲ್ಲುವ’ ಸಾಬೂನಿನ ಬಗ್ಗೆ ಹೆಚ್ಚು ಮಾತು ಬೇಡ. ಸಾದಾ ಸಾಬೂನಿಗಿಂತ ಅದು ಮೇಲೆಂದು ತಯಾರಕರು ತೋರಿಸದ್ದರಿಂದ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಸಾಬೂನುಗಳಿಂದ ಹೊರಗಿಟ್ಟಿತು.

ಇವೆಲ್ಲಕ್ಕಿಂತ ಕೆಟ್ಟದ್ದು ಹುಳಕಡ್ಡಿಗೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಟ್ಯೂಬು. ಸ್ಟಿರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರೂ ಅದರಲ್ಲಿ ಬೆರೆತಿರುತ್ತವೆ. ತುರಿಕೆ ಬೇಗ ಅಡಗುತ್ತದೆ, ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ, ತೊಗಲು ತೆಳುವಾಗುತ್ತದೆ. ಬೆಳ್ಳಗಾಗಲೆಂದು ಮುಖಕ್ಕೆ ಸ್ಟಿರಾಯ್ಡ್ ಕ್ರೀಮು ಹಚ್ಚುವವರೂ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟಿರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದ್ದರಿಂದ ಟ್ಯೂಬಿಗೆ ಕೈ ಹಾಕುವ ಮುನ್ನ ಬಾಗಲಕೋಟೆಗೆ ಹೋಗಿ ಚರ್ಮವೈದ್ಯರಿಗೆ ತೋರಿಸಿ. ಉಳಿದ ದಿನಗಳಿಗೆ ಕಡ್ಲಿಹಿಟ್ಟು ಸಾಕು, ಅದೂ ಮೆಲ್ಲಗೆ ತಿಕ್ಕಿ.